ಮುಪ್ಪಿನ ಮರೆವು ಮನೆಯ ಗುಟ್ಟಲ್ಲ

ಪತ್ರಿಕೆಗಳನ್ನು ನಿತ್ಯವೂ ಓದುವ ವಾಚಕರಿಗೆ ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹದ ಚಿಕ್ಕ ಪ್ರಕಟನೆಗಳು ಹೊಸವಲ್ಲ. ಒಂದು ಮಸುಕಾದ ಭಾವಚಿತ್ರ. ಅದರ ಕೆಳಗೆ ವಯಸ್ಸು ಎಪ್ಪತ್ತೋ ಎಪ್ಪತ್ತೈದೋ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಉಟ್ಟದ್ದು ಬಿಳಿಯ ಧೋತರ. ಸುಳಿವು ಸಿಕ್ಕವರು ಇಂಥ ಪೋಲೀಸ ಠಾಣೆಗೆ ತಿಳಿಸತಕ್ಕದ್ದು. ಓದಿ ನಾವು ಪುಟ ಮಗುಚುತ್ತೇವೆ. ಆ ಹಿರಿಯರು ಮನೆಯವರೊಡನೆ ಮುನಿಸಿಕೊಂಡು ಹೋದವರೋ, ಯಾತ್ರೆಗೆ ಹೊರಟವರೋ, ಅಥವಾ ತಮ್ಮ ಮನೆಯ ಹೊಸ್ತಿಲ ಮೇಲೆಯೇ ನಿಂತು ‘ಇದು ನನ್ನ ಮನೆಯಲ್ಲ’ ಎಂದು ಮನೆಯನ್ನು ಹುಡುಕುತ್ತ ಹೊರಟವರೋ ಎಂಬದನ್ನು ನಾವು ವಿಚಾರಿಸುವದಿಲ್ಲ. ಈ ಪ್ರಕಟನೆಯ ಮಾತುಗಳನ್ನೇ ಹೆಸರಾಗಿ ಇಟ್ಟುಕೊಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಕನ್ನಡ ಚಿತ್ರಪಟವು ೨೦೧೬ರಲ್ಲಿ ಬಂದಿತು. ಅದರಲ್ಲಿ ಶ್ರೀ ಅನಂತನಾಗರು ನೆನಪು ಅಳಿದು ದಾರಿ ತಪ್ಪಿದ ತಂದೆಯ ಪಾತ್ರವನ್ನು ವಹಿಸಿದರು. ಅದನ್ನು ನೋಡಿ ಕಣ್ಣೊರಸಿಕೊಂಡವರು ಬಹಳ ಜನ. ಆದರೆ ತಮ್ಮ ಓಣಿಯಲ್ಲಿಯೇ ಇರುವ ಅಂಥ ತಂದೆಯ ಮನೆಯ ಕದವನ್ನು ತಟ್ಟಿ, ‘ಹೇಗಿದ್ದೀರಿ, ನಮ್ಮಿಂದ ಏನಾದರೂ ಆಗಬೇಕೆ?’ ಎಂದು ಕೇಳಿದವರು ಎಷ್ಟು ಜನ?

ಈ ಪ್ರಶ್ನೆಯನ್ನು ನಾವು ಬೆಂಗಳೂರಿನವರಿಗೆ ಕೇಳುತ್ತಿಲ್ಲ. ಬಾದಾಮಿ ತಾಲೂಕಿನ ಕೆರೂರಿನಂಥ ನಮ್ಮ ಊರುಗಳಿಗೆ ಕೇಳುತ್ತಿದ್ದೇವೆ. ಪಟ್ಟಣವೆಂದರೆ ಪಟ್ಟಣ, ಹಳ್ಳಿಯೆಂದರೆ ಹಳ್ಳಿ ಎಂಬಂತಿರುವ ಈ ಊರುಗಳಲ್ಲಿ ಒಬ್ಬರ ಮನೆಯ ಮದುವೆ, ಸಾವು, ಸಾಲ ಎಲ್ಲವೂ ಹತ್ತು ಮನೆಗಳಿಗೆ ಗೊತ್ತು. ಆದರೆ ಹಿರಿಯರ ಬುದ್ಧಿ ಮಸುಕಾದ ಸಂಗತಿಯೊಂದು ಮಾತ್ರ ಮನೆಯ ಒಳಕೋಣೆಯ ಗುಟ್ಟಾಗಿ ಉಳಿಯುತ್ತದೆ. ಕೇಳಿದವರಿಗೆ ಸಿದ್ಧವಾದ ಉತ್ತರವೊಂದುಂಟು: ‘ಅರವತ್ತಕ್ಕೆ ಅರಳುಮರಳು, ವಯಸ್ಸಾತು, ಇನ್ನೇನ್ರಿ?’ ಈ ಒಂದು ಮಾತಿನಿಂದ ಮೂರು ಅನರ್ಥಗಳಾಗುತ್ತವೆ. ರೋಗಿಗೆ ವೈದ್ಯನ ದರ್ಶನ ತಪ್ಪುತ್ತದೆ. ಮನೆಯ ಒಬ್ಬ ಹೆಣ್ಣುಮಗಳ ತಲೆಯ ಮೇಲೆ ಹೊರೆಯೆಲ್ಲ ಬೀಳುತ್ತದೆ. ಊರು ಮತ್ತು ಸರಕಾರಗಳು ತಮ್ಮ ಹೊಣೆಯಿಂದ ನುಣುಚಿಕೊಳ್ಳುತ್ತವೆ. ಮುಪ್ಪಿನ ಮರೆವು ಮನೆಯ ಗುಟ್ಟಲ್ಲ, ಊರಿನ ಕೆಲಸ ಎಂಬದೇ ಇಂದಿನ ನಮ್ಮ ಬಿನ್ನಹ.

ಮೊದಲು ಮಾತನ್ನು ಸ್ಪಷ್ಟಮಾಡಿಕೊಳ್ಳೋಣ. ವಯಸ್ಸಾದಂತೆ ನೆನಪು ಸ್ವಲ್ಪ ಮಂದವಾಗುವದು ಸಹಜ. ಹಂಚಿನ ಮೇಲೆ ರೊಟ್ಟಿ ಹಾಕಿ, ಬಾಗಿಲಿಗೆ ಬಂದವರೊಡನೆ ಮಾತಾಡುತ್ತ ಅದನ್ನು ಮರೆಯುವದು ಮುಪ್ಪಿನ ಮರೆವು. ಐವತ್ತು ವರುಷ ರೊಟ್ಟಿ ಬಡಿದ ಅವ್ವನು ಹಿಟ್ಟಿಗೆ ನೀರೆಷ್ಟು ಹಾಕಬೇಕೆಂಬದು ತಿಳಿಯದೆ ಒಲೆಯ ಮುಂದೆ ದಿಕ್ಕುಗಾಣದೆ ಕುಳಿತರೆ ಅದು ಮುಪ್ಪಲ್ಲ, ರೋಗ. ಸಂತೆಗೆ ಹೋದವನು ಒಂದು ಸಾಮಾನು ಮರೆತು ಬಂದರೆ ಚಿಂತೆಯಿಲ್ಲ; ಸಂತೆಯಿಂದ ಮನೆಗೆ ಬರುವ ದಾರಿಯನ್ನೇ ಮರೆತರೆ ಚಿಂತೆಗೆ ಕಾರಣವಿದೆ. ಇದಕ್ಕೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಅದು ಒಂದೇ ರೋಗವಲ್ಲ. ಮೆದುಳಿನ ಹಲವು ವ್ಯಾಧಿಗಳಿಂದ ಉಂಟಾಗುವ ಒಂದು ಅವಸ್ಥೆ. ಅವುಗಳಲ್ಲಿ ಮುಖ್ಯವಾದದ್ದು ಆಲ್ಜೈಮರ್ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರಕ್ಕೆ ೬೦ರಿಂದ ೭೦ ರೋಗಿಗಳು ಈ ಬಗೆಯವರು. ಜರ್ಮನಿಯ ಡಾ. ಆಲೋಯಿಸ್ ಆಲ್ಜೈಮರರು ೧೯೦೬ರಲ್ಲಿ, ಐವತ್ತರ ಆಸುಪಾಸಿನಲ್ಲಿಯೇ ನೆನಪು ಕಳೆದುಕೊಂಡು ತೀರಿದ ಒಬ್ಬ ಹೆಣ್ಣುಮಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು ವೈದ್ಯರ ಸಭೆಯ ಮುಂದಿಟ್ಟರು. ಅಂದಿನಿಂದ ನೂರು ವರುಷಗಳ ಮೇಲಾಯಿತು. ವಿಜ್ಞಾನವು ರೋಗವೆಂದು ತೋರಿಸಿಕೊಟ್ಟದ್ದನ್ನು ನಾವು ಇನ್ನೂ ಗಾದೆಯಿಂದಲೇ ಅಳೆಯುತ್ತಿದ್ದೇವೆ.

ಇದು ಎಲ್ಲೋ ಅಪರೂಪಕ್ಕೆ ಬರುವ ಬೇನೆಯೆಂದು ಯಾರೂ ಸಮಾಧಾನ ಪಟ್ಟುಕೊಳ್ಳಬೇಕಾಗಿಲ್ಲ. ನಮ್ಮ ದೇಶದ ಹಿರಿಯರನ್ನು ಕುರಿತು ನಡೆದ ದೊಡ್ಡ ಅಧ್ಯಯನದ ಫಲಿತಾಂಶಗಳು ೨೦೨೩ರಲ್ಲಿ ಪ್ರಕಟವಾದವು. ಅರವತ್ತು ಮೀರಿದವರಲ್ಲಿ ನೂರಕ್ಕೆ ೭.೪ ಜನರಿಗೆ, ಅಂದರೆ ದೇಶದಲ್ಲಿ ಸುಮಾರು ೮೮ ಲಕ್ಷ ಜನರಿಗೆ ಈ ಅವಸ್ಥೆಯುಂಟೆಂದು ಅದು ಅಂದಾಜು ಮಾಡಿತು. ಈ ಲೆಕ್ಕದಿಂದ ನೋಡಿದರೆ, ಅರವತ್ತು ಮೀರಿದ ಸಾವಿರ ಜನರಿರುವ ಊರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಇಂಥವರಿರಬೇಕು. ಅವರು ಎಲ್ಲಿದ್ದಾರೆ? ದವಾಖಾನೆಯ ದಾಖಲೆಯಲ್ಲಿ ಇಲ್ಲ, ಪಂಚಾಯತಿಯ ಪಟ್ಟಿಯಲ್ಲಿ ಇಲ್ಲ. ಮನೆಯ ಒಳಕೋಣೆಯಲ್ಲಿ ಇದ್ದಾರೆ. ಅದೇ ಅಧ್ಯಯನವು ಇನ್ನೊಂದು ಸಂಗತಿಯನ್ನು ತೋರಿಸಿತು. ಈ ರೋಗವು ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಹೆಣ್ಣುಮಕ್ಕಳಿಗೆ ಶಾಲೆ ಯಾತಕ್ಕೆಂದು ಒಂದು ಕಾಲಕ್ಕೆ ನಾವು ಕೇಳಿದ ಪ್ರಶ್ನೆಯ ಬಡ್ಡಿಯನ್ನು ಇಂದು ನಮ್ಮ ಅವ್ವಂದಿರು, ಅಜ್ಜಿಯರು ತೆರುತ್ತಿದ್ದಾರೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದ ಮನುಷ್ಯನ ಸರಾಸರಿ ಆಯುಷ್ಯವು ಮೂವತ್ತೆರಡು ವರುಷಗಳ ಆಸುಪಾಸಿನಲ್ಲಿತ್ತು. ಇಂದು ಎಪ್ಪತ್ತನ್ನು ಮುಟ್ಟಿದೆ. ಆಯುಷ್ಯವನ್ನು ಹೆಚ್ಚಿಸಿಕೊಂಡ ರಾಷ್ಟ್ರವು ಆ ಆಯುಷ್ಯದ ಕೊನೆಯ ದಿನಗಳನ್ನು ಹೇಗೆ ಕಳೆಯಿಸಬೇಕೆಂಬದನ್ನೂ ಯೋಚಿಸಲೇಬೇಕು.

ವಾಚಕರು ಇಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಲಿ. ಕೆರೂರ, ಗುಳೇದಗುಡ್ಡ, ಇಳಕಲ್ಲಗಳ ಸೀಮೆ ನೇಕಾರಿಕೆಯ ಸೀಮೆ. ಹತ್ತನೆಯ ವಯಸ್ಸಿಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಹುಡುಗನು ಎಪ್ಪತ್ತರವರೆಗೆ ಲಾಳಿಯನ್ನು ಬಿಟ್ಟಿಲ್ಲ. ಈಗ ಅವನಿಗೆ ಹಿರಿಯ ಮಗನ ಹೆಸರು ನೆನಪಿಲ್ಲ. ತೀರಿಹೋದ ಅಣ್ಣನ ಹೆಸರಿನಿಂದ ಅವನನ್ನು ಕರೆಯುತ್ತಾನೆ. ಉಂಡ ಐದು ನಿಮಿಷಕ್ಕೆ ‘ನನಗ ಯಾರೂ ಊಟಕ್ಕ ಹಾಕಿಲ್ಲ’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುತ್ತಾನೆ. ಕೇಳಿದ ಜನ ಸೊಸೆಯ ಕಡೆಗೆ ಕಣ್ಣು ತಿರುವುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಳಮಳ ಹೆಚ್ಚಾಗುತ್ತದೆ. ‘ಮನಿಗೆ ಹೋಗೂಣು ನಡೀರಿ’ ಎಂದು ಏಳುತ್ತಾನೆ. ‘ಮಾವಾರ, ಇದ ನಮ್ಮ ಮನೀರಿ’ ಎಂದರೆ ಸಿಟ್ಟಾಗುತ್ತಾನೆ. ಊರ ಪಕ್ಕಕ್ಕೇ ಹುಬ್ಬಳ್ಳಿ-ಸೊಲ್ಲಾಪುರದ ಹೆದ್ದಾರಿ; ಹಗಲಿರುಳೂ ನಿಲ್ಲದ ಲಾರಿಗಳು. ಕದಕ್ಕೆ ಕೀಲಿ ಹಾಕಿದರೆ ಮಾವನನ್ನು ಕೂಡಿಹಾಕಿದಳೆಂಬ ಅಪವಾದ. ಹಾಕದಿದ್ದರೆ ಜೀವದ ಭಯ. ಗಂಡನು ದುಡಿಮೆಗೆ ಗೋವೆಗೋ ಮಂಗಳೂರಿಗೋ ಹೋಗಿದ್ದಾನೆ. ರಾತ್ರಿ ಮೂರು ಸಲ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವವಳು ಅವಳೇ, ಹಾಸಿಗೆ ಒಗೆಯುವವಳು ಅವಳೇ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವವಳೂ ಅವಳೇ. ಅವಳಿಗೆ ಸೂಟಿಯಿಲ್ಲ, ಸಂಬಳವಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಇದು ಒಬ್ಬರ ಮನೆಯ ಚಿತ್ರವಲ್ಲ. ಇಂಥ ಸೇವೆಯನ್ನು ಮಾಡಿದವರು ಯಾರೇ ಓದಿದರೂ ತಮ್ಮ ಮನೆಯನ್ನೇ ಇದರಲ್ಲಿ ಕಾಣುವರು.

‘ಮನೆಗೆ ಹೋಗೋಣ’ ಎಂಬ ಈ ಮಾತನ್ನು ಕುರಿತು ಎರಡು ಮಾತು ಬರೆಯಬೇಕು. ರೋಗಿಯು ಕೇಳುವ ಮನೆ ಬಹುಶಃ ಅವನು ಹುಡುಗನಿದ್ದಾಗಿನ ಮನೆ. ತಾಯಿ ತಂದೆ ಬದುಕಿದ್ದ ಮನೆ. ಇತ್ತೀಚಿನ ನೆನಪು ಮೊದಲು ಅಳಿಯುವದು, ಹಳೆಯದು ಬಹಳ ದಿನ ನಿಲ್ಲುವದು ಈ ರೋಗದ ಸ್ವಭಾವ. ನಮ್ಮ ಜಿಲ್ಲಾಸ್ಥಳವಾದ ಬಾಗಲಕೋಟೆಯಲ್ಲಿ ಈ ಮಾತಿಗೆ ಇನ್ನೊಂದು ಕಹಿಯಾದ ಅರ್ಥವಿದೆ. ಅಲ್ಲಿಯ ಹಳೆಯ ಊರಿನ ಎಷ್ಟೋ ಓಣಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಆಹುತಿಯಾದವು. ಜನರು ನವನಗರಕ್ಕೆ ಬಂದು ನೆಲೆಸಿದರು. ಅಲ್ಲಿಯ ಹಿರಿಯರೊಬ್ಬರಿಗೆ ಈ ರೋಗ ಬಂದು ‘ನಮ್ಮ ಮನಿಗೆ ಕರಕೊಂಡು ನಡಿ’ ಎಂದರೆ ಮಗನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ‘ಆ ಮನಿ ನೀರಾಗ ಮುಳುಗಿ ಹೋತು’ ಎಂದು ದಿನಾಲು ಹೇಳಿದರೆ ಆ ಜೀವವು ದಿನಾಲು ಹೊಸದಾಗಿ ದುಃಖಪಡುವದು. ಸತ್ಯವನ್ನು ಹೇಳಿದ ಪುಣ್ಯ ಮಗನಿಗೆ ಬರಬಹುದು, ಸಮಾಧಾನ ಯಾರಿಗೂ ಬಾರದು. ಬಲ್ಲವರು ಹೇಳುವದೇನೆಂದರೆ, ಇಂಥವರೊಡನೆ ವಾದಿಸಬಾರದು, ತಿದ್ದಬಾರದು. ‘ಆ ಮನಿ ಹ್ಯಾಂಗಿತ್ತು ಹೇಳಪ್ಪಾ, ಅಂಗಳದಾಗ ಏನಿತ್ತು?’ ಎಂದು ಕೇಳುತ್ತ ಕೈಹಿಡಿದು ನಾಲ್ಕು ಹೆಜ್ಜೆ ತಿರುಗಾಡಿಸಿ ಬಂದರೆ ತಳಮಳವು ಹೆಚ್ಚಾಗಿ ತಾನೇ ಇಳಿಯುತ್ತದೆ.

ಹಾಗೆಯೇ, ರೋಗಿಯಲ್ಲಿ ಅಳಿದದ್ದನ್ನು ಮಾತ್ರ ಎಣಿಸದೆ ಉಳಿದದ್ದನ್ನೂ ನೋಡಬೇಕು. ಹೆಸರು, ದಿನ, ವಾರ ಮರೆತವರ ಕೈಗಳು ಬಹಳ ದಿನ ತಮ್ಮ ವಿದ್ಯೆಯನ್ನು ಮರೆಯುವದಿಲ್ಲ. ನೇಕಾರನಿಗೆ ನೂಲು ಸುತ್ತುವ ಕೆಲಸ, ಒಕ್ಕಲಿಗನಿಗೆ ಶೇಂಗಾ ಸುಲಿಯುವ ಕೆಲಸ, ಅವ್ವನಿಗೆ ಕಾಳು ಹಸನುಮಾಡುವ ಕೆಲಸ ಕೊಟ್ಟು ಹತ್ತಿರ ಕುಳಿತರೆ ಅವರ ಹೊತ್ತೂ ಹೋಗುತ್ತದೆ, ಮಾನವೂ ಉಳಿಯುತ್ತದೆ. ಭಜನೆಯ ಪದಗಳು ಮಾತು ನಿಂತ ಮೇಲೂ ನಾಲಿಗೆಯ ಮೇಲೆ ಬರುವದುಂಟು. ಏಳುವ, ಉಣ್ಣುವ, ಮಲಗುವ ಹೊತ್ತು ದಿನವೂ ಒಂದೇ ಇರಲಿ. ಕೋಣೆಯಲ್ಲಿ ಬೆಳಕು ಸಾಕಷ್ಟಿರಲಿ. ಅಂಗಿಯ ಒಳಮಗ್ಗುಲಿಗೆ ಹೆಸರು, ಊರು, ಮನೆಯವರ ದೂರವಾಣಿ ಸಂಖ್ಯೆಗಳನ್ನು ಬರೆದ ಬಟ್ಟೆಯ ಪಟ್ಟಿಯೊಂದನ್ನು ಹೊಲಿದುಬಿಡಬೇಕು. ಬನಶಂಕರಿಯ ಜಾತ್ರೆಯಂಥ ಜನಸಂದಣಿಯಲ್ಲಿ ಆ ಚಿಂದಿಯೇ ಜೀವ ಉಳಿಸೀತು. ಇವುಗಳಿಗೆ ಹಣ ಹತ್ತುವದಿಲ್ಲ. ತಿಳಿವಳಿಕೆ ಮಾತ್ರ ಬೇಕು.

ವೈದ್ಯನ ಬಳಿಗೆ ಹೋಗಿ ಮಾಡುವದೇನು, ಇದಕ್ಕೆ ಔಷಧವೇ ಇಲ್ಲವಂತಲ್ಲ ಎಂದು ಕೆಲವರು ಕೇಳುವರು. ಬೇರುಸಹಿತ ಕಿತ್ತೊಗೆಯುವ ಔಷಧವಿಲ್ಲ, ನಿಜ. ಆದರೆ ಮರೆವೆಲ್ಲವೂ ಆಲ್ಜೈಮರ್ ಅಲ್ಲ. ಬಿ-೧೨ ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ಹೆಪ್ಪುಗಟ್ಟಿದ ರಕ್ತ, ಕೆಲವು ಔಷಧಗಳ ದುಷ್ಪರಿಣಾಮ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ, ಇವುಗಳಿಗೆ ಚಿಕಿತ್ಸೆಯುಂಟು. ಸಾದಾ ರಕ್ತಪರೀಕ್ಷೆಯಿಂದ ತಿಳಿಯಬಹುದಾದ ಕೊರತೆಯನ್ನು ‘ಅರಳುಮರಳು’ ಎಂದು ಬಿಟ್ಟುಬಿಟ್ಟರೆ, ಗುಣವಾಗಬಹುದಾಗಿದ್ದ ಮನುಷ್ಯನನ್ನು ನಾವೇ ಕೈಬಿಟ್ಟಂತಾಯಿತು. ಎರಡು-ಮೂರು ದಿನಗಳಲ್ಲಿ ಒಮ್ಮೆಲೆ ಬುದ್ಧಿ ಕದಡಿದರೆ ಅದು ಜ್ವರದ, ಸೋಂಕಿನ ಇಲ್ಲವೆ ಬೇರೆ ತೀವ್ರ ಬೇನೆಯ ಲಕ್ಷಣವಾಗಿರಬಹುದು. ಆಗ ತಡಮಾಡದೆ ದವಾಖಾನೆಗೆ ಒಯ್ಯಬೇಕು. ನಿಜವಾದ ಆಲ್ಜೈಮರ್ ರೋಗದಲ್ಲಿಯೂ ಡೊನೆಪೆಜಿಲ್ ಮೊದಲಾದ ಗುಳಿಗೆಗಳು ಕೆಲವರಿಗೆ ಕೆಲಕಾಲ ಅನುಕೂಲ ಮಾಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ರೋಗದ ಹೆಸರು ತಿಳಿದ ಮನೆಯವರು ರೋಗಿಯ ಮೇಲಿನ ಸಿಟ್ಟನ್ನು ಬಿಡುತ್ತಾರೆ. ‘ಬೇಕಂತ ಮಾಡತಾರ’ ಎಂಬ ಭ್ರಮೆ ಹೋಗುತ್ತದೆ. ಅದೇನು ಸಣ್ಣ ಚಿಕಿತ್ಸೆಯಲ್ಲ.

ತಡೆಗಟ್ಟುವ ಮಾತೂ ಉಂಟು. ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯು ನೇಮಿಸಿದ ತಜ್ಞರ ಮಂಡಲಿಯು ೨೦೨೪ರ ತನ್ನ ವರದಿಯಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿ, ಅವುಗಳನ್ನೆಲ್ಲ ನಿವಾರಿಸಿದರೆ ನೂರಕ್ಕೆ ೪೫ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಅಭಿಪ್ರಾಯಪಟ್ಟಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯ, ಓದಿನ ಅಭಾವ, ಒಂಟಿತನ, ಕಿವಿ ಮಂದವಾದರೂ ಕಣ್ಣು ಮಸುಕಾದರೂ ಉಪಾಯಮಾಡದೆ ಬಿಡುವದು, ಇವೆಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಯಾವದೂ ನಮ್ಮ ಊರುಗಳಿಗೆ ಅಪರಿಚಿತವಲ್ಲ. ನಲವತ್ತರಲ್ಲಿ ಒತ್ತಡದ ಗುಳಿಗೆಯನ್ನು ‘ಈಗ ಆರಾಮದೇನಿ’ ಎಂದು ನಿಲ್ಲಿಸುವವನು ಎಪ್ಪತ್ತರ ಮರೆವಿಗೆ ಅಂದೇ ಬೀಜ ಬಿತ್ತುತ್ತಾನೆಂಬದನ್ನು ತಿಳಿಯತಕ್ಕದ್ದು.

ಹಾಗಾದರೆ ಜನರು ದವಾಖಾನೆಗೆ ಏಕೆ ಹೋಗುವದಿಲ್ಲ? ಒಂದು ಕಾರಣ ದೂರ, ಇನ್ನೊಂದು ನಾಚಿಕೆ. ನಮ್ಮ ಸೀಮೆಯಲ್ಲಿ ‘ಧಾರವಾಡಕ್ಕೆ ಒಯ್ಯಬೇಕು’ ಎಂಬ ಮಾತು ನಿಂದೆಯಾಗಿಯೇ ಬಳಕೆಯಲ್ಲಿ ಬಂದಿದೆ. ಅಲ್ಲಿಯ ಹಳೆಯ ಮನೋರೋಗಿಗಳ ಆಸ್ಪತ್ರೆಯೇ ಅದಕ್ಕೆ ಕಾರಣ. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ವಿದ್ಯಾಸಂಸ್ಥೆಯಾಗಿ ಬೆಳೆದಿದೆಯಾದರೂ ಮಾತಿನ ಕಳಂಕವು ತೊಳೆದುಹೋಗಿಲ್ಲ. ಹೆಸರಿನ ಕಳಂಕವನ್ನು ತೊಳೆಯುವದು ಹೇಗೆಂಬದಕ್ಕೆ ಜಪಾನ ದೇಶವು ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ಅಲ್ಲಿ ಈ ರೋಗಕ್ಕೆ ಮೂಢತನವೆಂಬ ಅರ್ಥ ಕೊಡುವ ಹಳೆಯ ಹೆಸರಿತ್ತು. ೨೦೦೪ರಲ್ಲಿ ಅಲ್ಲಿಯ ಸರಕಾರವು ಅದನ್ನು ಕಿತ್ತುಹಾಕಿ, ‘ಅರಿವಿನ ರೋಗ’ ಎಂಬ ಅರ್ಥದ ಹೊಸ ಹೆಸರನ್ನು ರೂಢಿಗೆ ತಂದಿತು. ಮರುವರುಷ, ೨೦೦೫ರಲ್ಲಿ, ಸಾಮಾನ್ಯ ಜನರಿಗೆ ಒಂದೂವರೆ ತಾಸಿನ ಪಾಠ ಹೇಳಿ ಅವರನ್ನು ರೋಗಿಗಳ ಸಹಾಯಕರನ್ನಾಗಿ ಮಾಡುವ ಕಾರ್ಯವನ್ನು ಆರಂಭಿಸಿತು. ಅಂಗಡಿಕಾರರು, ಬ್ಯಾಂಕಿನ ನೌಕರರು, ಶಾಲೆಯ ಮಕ್ಕಳು ಹೀಗೆ ಕೋಟಿಗೂ ಮಿಕ್ಕಿದ ಜನ ಆ ಪಾಠವನ್ನು ಕೇಳಿದ್ದಾರೆ. ಒಂದೂವರೆ ತಾಸು! ನಮ್ಮ ಊರುಗಳಲ್ಲಿ ಒಂದು ಸನ್ಮಾನ ಸಮಾರಂಭಕ್ಕೆ ಹಿಡಿಯುವ ಹೊತ್ತಿಗಿಂತಲೂ ಅದು ಕಡಿಮೆ.

ನಮ್ಮ ಸರಕಾರವು ಏನೂ ಮಾಡಿಲ್ಲವೆಂದು ನಾವು ಹೇಳುವದಿಲ್ಲ. ಮನೋರೋಗದ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ತರುವ ಯೋಜನೆಯನ್ನು ನಿಮ್ಹಾನ್ಸ್ ಸಂಸ್ಥೆಯು ಮೊಟ್ಟಮೊದಲು ಪ್ರಯೋಗಿಸಿದ್ದು ೧೯೮೦ರ ದಶಕದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ. ದೇಶವೇ ಅದನ್ನು ಮಾದರಿಯೆಂದು ಸ್ವೀಕರಿಸಿತು. ಮನೋವೈದ್ಯರು ಮಂಗಳವಾರ ತಾಲೂಕಾ ದವಾಖಾನೆಗಳಿಗೆ ಬಂದು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವು ೨೦೧೪ರಲ್ಲಿ ಆರಂಭವಾಯಿತು. ೨೦೨೨ರ ಜನವರಿಯಲ್ಲಿ ನಿಮ್ಹಾನ್ಸದೊಡನೆ ಕೂಡಿ ಮೆದುಳಿನ ಆರೋಗ್ಯಕ್ಕಾಗಿ ‘ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ’ವನ್ನು ಸರಕಾರ ಕೈಕೊಂಡಿತು. ಇವೆಲ್ಲ ಸ್ತುತ್ಯವೇ. ಆದರೆ ಯೋಜನೆಯು ಬೆಂಗಳೂರಿನಿಂದ ಹೊರಟು ಕೆರೂರಿನ ಮನೆಯ ಹೊಸ್ತಿಲನ್ನು ಮುಟ್ಟಿದಾಗ ಮಾತ್ರ ಅದು ಯೋಜನೆ. ಅಲ್ಲಿಯವರೆಗೆ ಅದು ಕಾಗದ.

ಹೊಸ್ತಿಲನ್ನು ಮುಟ್ಟುವ ದಾರಿ ಈಗಾಗಲೇ ಅರ್ಧ ಸಿದ್ಧವಾಗಿದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ತುಂಬುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಅರವತ್ತು ಮೀರಿದವರಿಗೆಂದು ಕೆಲವು ಪ್ರಶ್ನೆಗಳಿವೆ. ಹತ್ತಿರದವರ ಹೆಸರನ್ನಾಗಲಿ, ಸ್ವಂತ ಮನೆಯ ವಿಳಾಸವನ್ನಾಗಲಿ ಮರೆಯುವಿರಾ ಎಂಬದು ಅವುಗಳಲ್ಲೊಂದು. ಪ್ರಶ್ನೆ ಇದೆ, ‘ಹೌದು’ ಎಂಬ ಉತ್ತರ ಬಂದರೆ ಮುಂದೇನು ಎಂಬದೇ ಮುಖ್ಯ. ಆ ‘ಹೌದು’ ಕಾಗದದಲ್ಲಿ ಉಳಿಯದೆ ಊರಿನ ಸರಕಾರಿ ವೈದ್ಯರ ಮೇಜಿಗೆ ಬರಬೇಕು. ಅವರು ಒತ್ತಡ, ಸಕ್ಕರೆ, ಥೈರಾಯಿಡ್, ಬಿ-೧೨ಗಳನ್ನು ಪರೀಕ್ಷಿಸಬೇಕು. ಅಗತ್ಯವಿದ್ದವರನ್ನು ಬಾದಾಮಿಯ ಮಂಗಳವಾರದ ವೈದ್ಯರಲ್ಲಿಗೆ ಕಳಿಸಬೇಕು. ಮುಂದಿನ ತಿಂಗಳ ಗುಳಿಗೆಗಾಗಿ, ದಾರಿಯಲ್ಲಿ ಹೆದರುವ ಮುದುಕರನ್ನು ನರಗುಂದ, ನವಲಗುಂದಗಳನ್ನು ದಾಟಿಸಿ ಹುಬ್ಬಳ್ಳಿ-ಧಾರವಾಡಗಳಿಗೆ ಹೊತ್ತೊಯ್ಯುವ ಪ್ರಸಂಗ ಬರಕೂಡದು. ಆಶಾ ಕಾರ್ಯಕರ್ತೆಯರಿಗೆ ಈ ಹೆಚ್ಚಿನ ಕೆಲಸಕ್ಕೆ ತಕ್ಕ ತರಬೇತಿಯನ್ನೂ ತಕ್ಕ ಗೌರವಧನವನ್ನೂ ಕೊಡಬೇಕೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಪಟ್ಟಣ ಪಂಚಾಯತಿಯ ಕೆಲಸ. ಸಾರ್ವಜನಿಕ ಕಟ್ಟಡವೊಂದರಲ್ಲಿ ಒಂದು ಕೋಣೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ತಾಸು. ತರಬೇತಿ ಪಡೆದ, ಸಂಬಳವುಳ್ಳ ಇಬ್ಬರು ಹೆಣ್ಣುಮಕ್ಕಳು. ಇಷ್ಟಿದ್ದರೆ ಹತ್ತು ಮನೆಗಳ ಹಿರಿಯರು ಅಲ್ಲಿ ಕುಳಿತು ಹಾಡು, ನೂಲು, ಮಾತುಗಳಲ್ಲಿ ಹೊತ್ತು ಕಳೆಯಬಹುದು. ಆ ಮೂರು ತಾಸು ಹತ್ತು ಜನ ಸೊಸೆಯಂದಿರು, ಹೆಂಡಂದಿರು ಕಣ್ಣುಮುಚ್ಚಿ ಮಲಗಬಹುದು, ಇಲ್ಲವೆ ತಮ್ಮ ಬೇನೆಯನ್ನೂ ವೈದ್ಯರಿಗೆ ತೋರಿಸಿಕೊಂಡು ಬರಬಹುದು. ಮಕ್ಕಳಿಗೆ ಅಂಗನವಾಡಿಯನ್ನು ನಡೆಸಬಲ್ಲ ನಾಡಿಗೆ ಮುದುಕರ ಕೋಣೆಯೊಂದು ಭಾರವಾಗಲಾರದು. ಬಸ್ ನಿಲ್ದಾಣದ ಸಿಬ್ಬಂದಿ, ಪೋಲೀಸರು, ಅಂಗಡಿಕಾರರು ಇವರಿಗೆ ಜಪಾನದವರಂತೆ ಒಂದೂವರೆ ತಾಸಿನ ಪಾಠ ಹೇಳಿಸಲಿ. ದಿಕ್ಕುತಪ್ಪಿ ನಿಂತ ಮುದುಕನನ್ನು ಗದರಿಸದೆ, ಕೂಡಿಸಿ, ನೀರು ಕೊಟ್ಟು, ಅಂಗಿಯ ಒಳಗಿನ ಪಟ್ಟಿಯನ್ನು ನೋಡಬೇಕೆಂಬಷ್ಟು ಅವರಿಗೆ ತಿಳಿದರೆ ‘ಕಾಣೆಯಾಗಿದ್ದಾರೆ’ ಎಂಬ ಎಷ್ಟೋ ಪ್ರಕಟನೆಗಳನ್ನು ಅಚ್ಚುಮಾಡುವ ಕಾರಣವೇ ಉಳಿಯದು.

ಮೂರನೆಯದನ್ನು ಅಧಿಕಾರಿವರ್ಗದವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಅದು ಹೆಬ್ಬೆಟ್ಟಿನ ವಿಷಯ. ಮರೆವು ಆವರಿಸಿದ ಮುದುಕರ ಹೆಸರಿನಲ್ಲಿ ಹೊಲವಿರುತ್ತದೆ, ಮನೆಯಿರುತ್ತದೆ, ಬ್ಯಾಂಕಿನಲ್ಲಿ ಪಿಂಚಣಿ ಇರುತ್ತದೆ. ಕೈಹಿಡಿದು ಕಚೇರಿಗೆ ಕರೆತಂದು ಒತ್ತಿಸಿದ ಹೆಬ್ಬೆಟ್ಟು ಮೂವರು ಮಕ್ಕಳಲ್ಲಿ ಇಬ್ಬರನ್ನು ಬೀದಿಗೆ ಹಾಕಬಲ್ಲದು, ಒಮ್ಮೊಮ್ಮೆ ಆ ಮುದುಕರನ್ನೇ ಹಾಕಬಲ್ಲದು. ೧೮೭೨ರ ಕರಾರು ಕಾಯದೆಯು ಕರಾರು ಮಾಡುವ ಹೊತ್ತಿಗೆ ಅದನ್ನು ತಿಳಿದುಕೊಳ್ಳುವ, ಅದರಿಂದ ತನಗಾಗುವ ಹಿತಾಹಿತಗಳನ್ನು ವಿವೇಚಿಸುವ ಶಕ್ತಿ ಮನುಷ್ಯನಿಗೆ ಇರಬೇಕೆಂದು ವಿಧಿಸಿದೆ. ನೋಂದಣಿ ಕಚೇರಿಯವರು ಹಿರಿಯರನ್ನು ಮಕ್ಕಳಿಂದ ದೂರ ಕೂಡಿಸಿ, ‘ಅಜ್ಜಾ, ಇದೇನು ಕಾಗದ? ಹೊಲ ಯಾರಿಗೆ ಕೊಡಾಕತ್ತೀರಿ?’ ಎಂದು ಎರಡು ಮಾತು ಕೇಳಿದರೆ ಎಷ್ಟೋ ಅನ್ಯಾಯ ತಪ್ಪೀತು. ಹಿರಿಯರನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಪಡೆದ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಮರಳಿಸಿಕೊಡುವ ಅವಕಾಶವು ೨೦೦೭ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಕಾಯದೆಯಲ್ಲಿದೆ. ಹಿರಿಯರನ್ನು ದಿಕ್ಕಿಲ್ಲದೆ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆಮನೆಯ ಶಿಕ್ಷೆಯೂ ಅದರಲ್ಲಿದೆ. ತೊಡಕು ಬಡವರ ಮನೆಯಲ್ಲಷ್ಟೇ ಎಂದು ತಿಳಿಯಬೇಡಿರಿ. ಮಂಗಳೂರಿನಲ್ಲಿ ಹುಟ್ಟಿ, ೧೯೭೪ರ ರೇಲ್ವೆ ಮುಷ್ಕರದ ಮುಂದಾಳಾಗಿ, ಮುಂದೆ ದೇಶದ ರಕ್ಷಣಾಮಂತ್ರಿಗಳಾದ ಶ್ರೀ ಜಾರ್ಜ ಫರ್ನಾಂಡಿಸರನ್ನು ಆಲ್ಜೈಮರ್ ರೋಗವು ಮುತ್ತಿದಾಗ, ಅವರ ಪಾಲನೆ ಯಾರದೆಂಬ ವಿವಾದವು ಅವರ ಹೆಂಡತಿ ಮತ್ತು ತಮ್ಮಂದಿರ ನಡುವೆ ೨೦೧೦ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವನ್ನೇರಿತು. ಲಕ್ಷಾಂತರ ಕಾರ್ಮಿಕರ ಪರವಾಗಿ ಗುಡುಗಿದ ಮನುಷ್ಯನು ತನ್ನ ಪರವಾಗಿ ಒಂದು ಮಾತು ಆಡಲಾರದೆ ೨೦೧೯ರ ಜನವರಿಯಲ್ಲಿ ತೀರಿಕೊಂಡನು. ಆದುದರಿಂದ ರೋಗದ ಮೊದಲ ದಿನಗಳಲ್ಲಿ, ಬುದ್ಧಿ ಇನ್ನೂ ತಿಳಿಯಾಗಿರುವಾಗಲೇ, ಆಸ್ತಿಯ ಮಾತನ್ನೂ ಆರೈಕೆಯ ಮಾತನ್ನೂ ಹಿರಿಯರ ಬಾಯಿಂದಲೇ ಎಲ್ಲ ಮಕ್ಕಳ ಎದುರಿಗೆ ಕೇಳಿ ಬರೆದಿಡುವದು ಜಾಣತನ. ಗುಟ್ಟುಮಾಡುವ ಮನೆಗಳಲ್ಲಿ ಈ ಅವಕಾಶವೇ ಕೈತಪ್ಪುತ್ತದೆ.

‘ತಾಯಿತಂದೆಗಳ ಸೇವೆ ನಮ್ಮ ಧರ್ಮ, ಇದರಲ್ಲಿ ಊರೇಕೆ, ಸರಕಾರವೇಕೆ?’ ಎಂದು ಕೇಳುವವರಿದ್ದಾರೆ. ಧರ್ಮವೆಂಬದನ್ನು ನಾವೂ ಒಪ್ಪುತ್ತೇವೆ. ಆದರೆ ಧರ್ಮದ ಹೆಸರಿನಿಂದ ಕೆಲಸವೆಲ್ಲವೂ ಆ ತಾಯಿತಂದೆಗಳ ಹೊಟ್ಟೆಯಲ್ಲಿ ಹುಟ್ಟದ ಸೊಸೆಯೊಬ್ಬಳಿಗೆ ಬೀಳುತ್ತಿರುವದನ್ನು ನೋಡಿದರೆ, ಈ ಧರ್ಮವನ್ನು ಆಡುವವರೇ ಬೇರೆ, ಮಾಡುವವರೇ ಬೇರೆ ಎಂದು ಹೇಳಬೇಕಾಗುತ್ತದೆ. ಜಾತ್ರೆಯ ತೇರನ್ನು ನಾವು ಊರವರೆಲ್ಲ ಕೂಡಿ ಎಳೆಯುತ್ತೇವೆ; ಹಗ್ಗವನ್ನು ಒಬ್ಬಳ ಕೈಗೆ ಕೊಟ್ಟು ‘ಎಳೆ, ಪುಣ್ಯ ಬರುತ್ತದೆ’ ಎನ್ನುವದಿಲ್ಲ. ದೂರದ ಊರಲ್ಲಿ ದುಡಿಯುವ ಮಗನು ಹಣ ಕಳಿಸುವದರ ಜೊತೆಗೆ ವರುಷದಲ್ಲಿ ಒಂದು ತಿಂಗಳಾದರೂ ಬಂದು ತಂದೆಯ ಹಾಸಿಗೆಯ ಬಳಿ ಮ���ಗಲಿ. ಮದುವೆಯಾಗಿ ಹೋದ ಮಗಳನ್ನು ಹತ್ತು ದಿನ ಕಳಿಸಲು ಅವಳ ಅತ್ತೆಯ ಮನೆಯವರು ಮನಸ್ಸು ಮಾಡಲಿ. ನೆರೆಮನೆಯವರು ವಾರಕ್ಕೆ ಎರಡು ತಾಸು ಬಂದು ಕುಳಿತು, ‘ನೀ ಹೋಗಿ ಬಾರವ್ವ, ನಾ ಇಲ್ಲಿ ಕುಂತಿರತೀನಿ’ ಎಂದರೆ ಅದು ಎಷ್ಟೋ ಉಪದೇಶಗಳಿಗಿಂತ ಮೇಲು. ಸೊಸೆಯು ಒಮ್ಮೆ ಬೇಸತ್ತು ಗದರಿದ್ದನ್ನು ಕೇಳಿಸಿಕೊಂಡವರು, ಅವಳು ಆ ರಾತ್ರಿ ಎಷ್ಟು ತಾಸು ನಿದ್ದೆ ಮಾಡಿದ್ದಳೆಂದು ಕೇಳಿ ಆಮೇಲೆ ತೀರ್ಪು ಕೊಡಲಿ. ಯಾರಲ್ಲಿಯೂ ಹೇಳಿಕೊಳ್ಳಲಾರದವರಿಗೆ ಸರಕಾರದ ಎರಡು ಪುಕ್ಕಟೆ ದೂರವಾಣಿಗಳಿವೆ: ಮನಸ್ಸಿನ ಬೇನೆಯ ಸಲಹೆಗೆ ೧೪೪೧೬, ಹಿರಿಯ ನಾಗರಿಕರ ಸಹಾಯಕ್ಕೆ ೧೪೫೬೭. ಈ ಎರಡು ಸಂಖ್ಯೆಗಳನ್ನು ದವಾಖಾನೆ, ಪಂಚಾಯತಿ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವದಕ್ಕೆ ಯಾವ ಅನುದಾನವನ್ನೂ ಕಾಯಬೇಕಾಗಿಲ್ಲ.

ಮುದುಕರ ನೆನಪು ಅಳಿಯುವದನ್ನು ನಿಲ್ಲಿಸುವ ಶಕ್ತಿ ಇಂದು ಯಾರ ಕೈಯಲ್ಲಿಯೂ ಇಲ್ಲ. ಆದರೆ ತಮ್ಮನ್ನು ತಾವೇ ಮರೆತವರನ್ನು ಊರೂ ಮರೆತುಬಿಡಬೇಕೆಂದಿಲ್ಲ. ತನ್ನ ಮಗನ ಹೆಸರನ್ನು ಮರೆತ ನೇಕಾರನ ಹೆಸರು ಓಣಿಯ ಪ್ರತಿಯೊಬ್ಬನಿಗೂ ನೆನಪಿರಬೇಕು. ಹೆದ್ದಾರಿಯ ಕಡೆಗೆ ನಡೆದ ಅವನನ್ನು ಹೆಸರಿಡಿದು ಕರೆದು, ಕೈಹಿಡಿದು ಮನೆಗೆ ತಂದು ಬಿಡಬೇಕು. ಇಂದು ಸಂಜೆ ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ವಾಚಕರು ತಮ್ಮ ಓಣಿಯಲ್ಲಿ ಕದ ಮುಚ್ಚಿಕೊಂಡಿರುವ ಅಂಥ ಒಂದು ಮನೆಯನ್ನು ನೆನಪಿಗೆ ತಂದುಕೊಂಡು, ಅಲ್ಲಿಗೆ ಹೋಗಿ ಕದವನ್ನು ತಟ್ಟಲಿ. ಮಿಕ್ಕ ಕೆಲಸವೆಲ್ಲ ಆ ಕದ ತೆರೆದ ಮೇಲೆಯೇ ಆರಂಭವಾಗಬೇಕಾಗಿದೆ.